ಬಾಡಿಗೆ ವೆಲ್ಡಿಂಗ್ ಸೆಟ್ಟಿಗೆ ಯಾರು ಹೊಣೆ?

ಗೆ,
ಕಾರ್ಮಿಕ ಆಯುಕ್ತರು, ಕರ್ನಾಟಕ ಸರ್ಕಾರ,
ಕಾರ್ಮಿಕ ಭವನ, ಬನ್ನೇರುಘಟ್ಟ ರಸ್ತೆ, ಬೆಂಗಳೂರು.

ಮಾನ್ಯರೇ,

ಬೆಳಿಗ್ಗೆ ಏಳರ ಹೊತ್ತಿಗೆ ಹೆಬ್ಬಾಳದ ಮೇಲ್ಸೇತುವೆ ಇಳಿದು ಯಲಹಂಕದ ಕಡೆ ಹೊರಟರೆ, ಮುಂದೆ ಹೋಗುವ ಯಾವುದಾದರೂ ಟಾಟಾ ಏಸ್ ಅಥವಾ ಗೂಡ್ಸ್ ಆಟೊದಲ್ಲಿ ಆ ಯಂತ್ರ ಕಾಣುತ್ತದೆ: ಒಂದು ಎಂಜಿನ್, ಅದಕ್ಕೆ ಜೋಡಿಸಿದ ಜನರೇಟರ್, ಮೇಲೆ ಸುರುಳಿ ಸುತ್ತಿ ಎಸೆದ ಕೇಬಲ್, ಪಕ್ಕದಲ್ಲಿ ಒರಗಿ ನಿದ್ದೆಹೋದ ಹೆಲ್ಪರ್ ಹುಡುಗ. ಕೆಲಸದವರು ಇದನ್ನು ಬರೀ ‘ಸೆಟ್’ ಅನ್ನುತ್ತಾರೆ. ಕರೆಂಟು ಇನ್ನೂ ಬಾರದ ಬಾಗಲೂರು, ರಾಜಾನುಕುಂಟೆಯ ಬಡಾವಣೆಗಳಿಗೆ, ರಸ್ತೆ ನಡುವಿನ ಕಂಬಿ ಬೇಲಿಗೆ, ಮೀಟರ್ ಕೂತಿಲ್ಲದ ಮನೆಯ ಗ್ರಿಲ್ಲಿಗೆ ಸೆಟ್ಟೇ ಗತಿ. ಬಹುಪಾಲು ಬಾಡಿಗೆಯವು. ವೆಲ್ಡರ್ ಟ್ರೇಡ್ ಕಲಿಸಿ ನಿವೃತ್ತನಾದವನು ನಾನು, ಹಾಗಾಗಿ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

2023ರ ಜನವರಿ 10ರಂದು ನಾಗವಾರದ ಬಳಿ ಮೆಟ್ರೊ ಕಂಬದ ಕಬ್ಬಿಣದ ಹಂದರ ಕುಸಿದು ತಾಯಿ ಮತ್ತು ಎಳೆಯ ಮಗ ತೀರಿಕೊಂಡರು. ಆಮೇಲೆ ದೊಡ್ಡ ಕಾಮಗಾರಿಗಳ ಮೇಲೆ ಎಲ್ಲರ ಕಣ್ಣು ಬಿತ್ತು, ಐಐಎಸ್‌ಸಿ ತಜ್ಞರಿಂದ ವರದಿ ತರಿಸಿದರು. ಆಗಬೇಕಾದದ್ದೇ. ಆದರೆ ನಾನು ಬರೆಯುತ್ತಿರುವುದು ವೆಲ್ಡರ್ ಒಬ್ಬ, ಹೆಲ್ಪರ್ ಒಬ್ಬ ಇರುವ ಕೆಲಸದ ಬಗ್ಗೆ. ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ 1996ರ ಕಾಯ್ದೆ ಲೆಕ್ಕ ಶುರುಮಾಡಿದ್ದು ಹತ್ತು ಜನರಿಂದ. 2020ರ ಸುರಕ್ಷತಾ ಸಂಹಿತೆಯೂ ಸಾಮಾನ್ಯವಾಗಿ ಹತ್ತರಿಂದಲೇ ಎಣಿಸುತ್ತದೆ. ಇಬ್ಬರು ಎಲ್ಲಿಯೂ ಲೆಕ್ಕಕ್ಕಿಲ್ಲ. ಸೆಟ್ ಕೊಟ್ಟವನಿಗೆ ಬಾಡಿಗೆ ಬಂದರಾಯಿತು, ಮೇಸ್ತ್ರಿಗೆ ಸಂಜೆಯೊಳಗೆ ಗೇಟು ನಿಂತರಾಯಿತು, ಡ್ರೈವರಿಗೆ ಅದೊಂದು ಲಗೇಜು.

ವೆಲ್ಡಿಂಗ್ ಅಪಾಯ ಅಂದರೆ ಎಲ್ಲರೂ ಕಣ್ಣು ಉರಿ, ಕಪ್ಪು ಗಾಜು ಎಂದೇ ಮಾತಾಡುತ್ತಾರೆ. ಸೆಟ್ಟಿನ ಅಪಾಯ ರಾಡು ತಾಗಿಸುವ ಮೊದಲೇ, ದಾರಿಯಲ್ಲೇ ಶುರು. ಟ್ಯಾಂಕು ಕಂಠಪೂರ್ತಿ ತುಂಬಿರುತ್ತದೆ, ಪೆಟ್ರೋಲ್ ಕಾಕ್ ತೆರೆದೇ ಇರುತ್ತದೆ, ಮುಚ್ಚಳಕ್ಕೆ ರಬ್ಬರ್ ಇಲ್ಲ. ಒಂದು ಹಂಪಿಗೆ ಸೆಟ್ ವಾಲಿತೆಂದರೆ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಅದರ ಆವಿ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ಗಾಡಿಯ ತಟ್ಟೆಯಲ್ಲೇ ಮಲಗುತ್ತದೆ. ಅಲ್ಲೇ ಹುಡುಗನ ಬೀಡಿ, ಅಲ್ಲೇ ಸಡಿಲಾದ ಬ್ಯಾಟರಿ ಟರ್ಮಿನಲ್ಲಿನ ಕಿಡಿ. ಇದಕ್ಕೆ ಬೇಕಾದದ್ದು ಹೊಸ ತಂತ್ರಜ್ಞಾನವೇನಲ್ಲ. ಎಂಜಿನ್ ಆರಿಸಿ ತಣಿಯಲು ಬಿಡಬೇಕು, ಕಾಕ್ ಮುಚ್ಚಬೇಕು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಸೆಟ್ಟನ್ನು ನೇರವಾಗಿ ನಿಲ್ಲಿಸಿ ನಾಲ್ಕೂ ಕಡೆ ಬೆಲ್ಟಿನಿಂದ ಬಿಗಿಯಬೇಕು. ಪ್ಲಾಸ್ಟಿಕ್ ಹಗ್ಗ ಬಿಸಿ ಸೈಲೆನ್ಸರಿಗೆ ತಾಗಿದರೆ ಕರಗಿ ಹೋಗುತ್ತದೆ. ಹೆಚ್ಚುವರಿ ಪೆಟ್ರೋಲನ್ನು ನೀರಿನ ಬಾಟಲಿಯಲ್ಲಿ ಒಯ್ಯಬಾರದು. ಹುಡುಗ ಹಿಂದೆ ಕೂರಬಾರದು. ಗಟ್ಟಿಯಾಗಿ ಬ್ರೇಕ್ ಹಾಕಿದರೆ ಆ ಭಾರವೆಲ್ಲ ಬರುವುದು ಅವನ ಮೇಲೆಯೇ.

ಗಾಲಿಯ ಮೇಲಿನ ದೊಡ್ಡ ಡೀಸೆಲ್ ಸೆಟ್ಟಿನ ಕತೆ ಬೇರೆ. ಎಳೆಯುವ ಕೊಂಡಿಯ ಪಿನ್ನು ಕಳೆದಿರುತ್ತದೆ, ಆ ಜಾಗಕ್ಕೆ ಒಂದು ತುಂಡು ಸರಳು. ಹಿಂದೆ ರಿಫ್ಲೆಕ್ಟರ್ ಇಲ್ಲ, ಪಿನ್ನು ಕಳಚಿದರೆ ಹಿಡಿಯಲು ಸರಪಳಿಯೂ ಇಲ್ಲ. ಕ್ರೇನಿನಿಂದ ಎತ್ತುವಾಗ ಮೇಲಿನ ಕೊಕ್ಕೆಗೆ ಹಾಕಿ ಗಾಲಿ, ಟ್ರೇಲರ್ ಸಮೇತ ಎತ್ತುತ್ತಾರೆ. ಆ ಕೊಕ್ಕೆ ಮಾಡಿರುವುದು ಸೆಟ್ಟಿನ ತೂಕಕ್ಕೆ ಮಾತ್ರ, ಟ್ರೇಲರಿನದನ್ನೂ ಹೊರಲು ಅಲ್ಲ.

ಇನ್ನು ಸೈಟಿಗೆ ಬರೋಣ. ಆರ್.ಟಿ. ನಗರದ ಒತ್ತೊತ್ತಾದ ಅಡ್ಡರಸ್ತೆಗಳಲ್ಲಿ ಸೆಟ್ ಶುರುವಾದರೆ ಪಕ್ಕದ ಮನೆಯವರು ಕಿಟಕಿ ತೆರೆದು ಬೈಯುತ್ತಾರೆ. ಬೈಗುಳ ತಪ್ಪಿಸಿಕೊಳ್ಳಲು ಮೇಸ್ತ್ರಿ ಸೆಟ್ಟನ್ನು ಬೇಸ್‌ಮೆಂಟಿಗೋ ಅರ್ಧ ಇಳಿಸಿದ ಶಟರಿನ ಒಳಗೋ ತಳ್ಳಿಸುತ್ತಾನೆ. ಸದ್ದು ಅಡಗುತ್ತದೆ, ಹೊಗೆ ಉಳಿಯುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಓಕರಿಕೆ. ‘ಬೆಳಿಗ್ಗೆ ತಿಂಡಿ ತಿಂದಿಲ್ಲ, ಅದಕ್ಕೇ’ ಅಂದುಕೊಂಡು ಹುಡುಗ ಅಲ್ಲೇ ಕೂರುತ್ತಾನೆ. ನಮ್ಮೂರಿನ ಸಂಪುಗಳ ಮುಚ್ಚಳ ಬೆಸೆಯುವಾಗಲೂ ಇದೇ ಕತೆ: ಸೆಟ್ ಸಂಪಿನ ಬಾಯಿಯ ಪಕ್ಕ, ಮನುಷ್ಯ ಒಳಗೆ.

ಸೆಟ್ಟನ್ನು ದೂರ ಬಯಲಲ್ಲಿಟ್ಟು ಉದ್ದ ಕೇಬಲ್ ಎಳೆದರೆ ಆಯಿತಲ್ಲ ಎನ್ನಬಹುದು. ತಾಮ್ರ ದುಬಾರಿ, ಕಳವೂ ಆಗುತ್ತದೆ. ಹಾಗಾಗಿ ಬಾಡಿಗೆಯವರು ಕೊಡುವುದು ತುಂಡು ಕೇಬಲ್ಲು, ಅದರಲ್ಲೂ ಟೇಪು ಸುತ್ತಿದ ಜಾಯಿಂಟುಗಳು. ಉದ್ದ ಮಾಡಲು ಸಣ್ಣ ಕೇಬಲ್ ಜೋಡಿಸಿದರೆ ವೋಲ್ಟೇಜು ಇಳಿದು ರಾಡು ಅಂಟಿಕೊಳ್ಳುತ್ತದೆ. ಆದ್ದರಿಂದಲೇ ಸೆಟ್ ಮನುಷ್ಯನ ಹತ್ತಿರಕ್ಕೆ ಬರುತ್ತದೆ. ಇದನ್ನು ವೆಲ್ಡರಿನ ಅಜ್ಞಾನ ಎನ್ನುವವರ ಮೇಲೆ ನನಗೆ ಸಿಟ್ಟಿದೆ. ಅವನಿಗೆ ಗೊತ್ತು, ಅವನ ಕೈಗೆ ಕೊಟ್ಟ ಕೇಬಲ್ಲೇ ಅಷ್ಟುದ್ದ.

ಅರ್ತ್ ಕ್ಲ್ಯಾಂಪಿನದ್ದೂ ಹಾಗೆಯೇ. ಕ್ಲ್ಯಾಂಪ್ ಮುರಿದಿದ್ದರೆ ವಾಪಸು ತಂತಿಯನ್ನು ಕಟ್ಟಡದ ಸರಳಿಗೋ ನೀರಿನ ಪೈಪಿಗೋ ಸಿಕ್ಕಿಸುತ್ತಾರೆ. ನೂರಾರು ಆಂಪಿಯರ್ ಕರೆಂಟು ತನಗೆ ಸಿಕ್ಕಿದ ದಾರಿಯಲ್ಲಿ ಹರಿದು ಎಲ್ಲೋ ಒಂದು ಸಡಿಲ ಜಾಗವನ್ನು ಕೆಂಪಗೆ ಕಾಯಿಸುತ್ತದೆ. ಸೆಟ್ಟನ್ನು ಗಾಡಿಯ ಮೇಲಿಟ್ಟೇ ನಡೆಸುವುದಾದರೆ ಅದರ ಚೌಕಟ್ಟನ್ನು ಗಾಡಿಯ ಚಾಸಿಗೆ ದಪ್ಪ ತಂತಿಯಿಂದ ಜೋಡಿಸಬೇಕು. ಗ್ರೈಂಡರಿಗೆ 230 ವೋಲ್ಟ್ ಕೊಡುವ ಸಾಕೆಟ್ಟೂ ಅದರಲ್ಲೇ ಇರುತ್ತದೆ. ಮಳೆಯಲ್ಲಿ ನೆನೆದ ಕೈಗವಸಿನಲ್ಲಿ ರಾಡು ಬದಲಿಸುವವನಿಗೆ ಸೆಟ್ಟಿನ ಎಂಬತ್ತು ವೋಲ್ಟೂ ಕಡಿಮೆಯಲ್ಲ. ಬೇಸಿಗೆಯಲ್ಲಿ ಚಿಂತೆ ಬೇರೆ. 2019ರ ಫೆಬ್ರವರಿಯಲ್ಲಿ ಯಲಹಂಕದ ಏರೊ ಇಂಡಿಯಾ ಪಾರ್ಕಿಂಗಿನಲ್ಲಿ ಒಣಹುಲ್ಲಿನ ಬೆಂಕಿ ಗಾಳಿಗೆ ಹಬ್ಬಿ ಸುಮಾರು 300 ಕಾರು ಸುಟ್ಟದ್ದು ತಮಗೆ ನೆನಪಿರಬೇಕು. ಅಂಥದೇ ಹುಲ್ಲಿನ ಮೇಲೆ ಬಿಸಿ ಸೈಲೆನ್ಸರಿನ ಸೆಟ್ ಇಟ್ಟು, ಹತ್ತು ಮೀಟರ್ ದೂರ ಹಾರುವ ಕಿಡಿಗಳ ಕೆಲಸ ಮಾಡುತ್ತಾರೆ. ಪಕ್ಕದಲ್ಲಿ ಒಂದು ಬಕೆಟ್ ಮರಳೂ ಇರುವುದಿಲ್ಲ.

ಹೊಸ ಕಾಯ್ದೆ ತನ್ನಿ ಎಂದು ಕೇಳುತ್ತಿಲ್ಲ. ನಾಕಾದಲ್ಲಿ ನಿಲ್ಲಿಸಿ ದಂಡ ಹಾಕಿ ಎಂದೂ ಅಲ್ಲ, ಆ ದಂಡ ಡ್ರೈವರಿನ ಜೇಬಿನಿಂದ ಹೋಗುತ್ತದೆ ಅಷ್ಟೆ. ಬಾಡಿಗೆ ಅಂಗಡಿಯನ್ನು ಹಿಡಿಯಿರಿ. ಅದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ತಮ್ಮ ಇಲಾಖೆಯಲ್ಲೇ ನೋಂದಣಿಯಾಗಬೇಕಾದ ಅಂಗಡಿ. ಆ ಕಾಯ್ದೆ ಹೆಚ್ಚಾಗಿ ಕೆಲಸದ ಹೊತ್ತು, ರಜೆಗಳದ್ದು ಎಂಬುದು ಗೊತ್ತು. ಆದರೂ ತಮ್ಮ ನಿರೀಕ್ಷಕರು ಕಾಲಿಡುವ ಬಾಗಿಲು ಅದೊಂದೇ. ತಮ್ಮ ಸಹಿಯ ಒಂದು ಸುತ್ತೋಲೆ ಅಲ್ಲಿಗೆ ಹೋಗಲಿ: ಸೆಟ್ ಹೊರಬೀಳುವಾಗ ಜಾಯಿಂಟಿಲ್ಲದ ಕೇಬಲ್, ಗಟ್ಟಿ ಕ್ಲ್ಯಾಂಪ್, ಬಿಗಿಯುವ ಬೆಲ್ಟು, ಅಗ್ನಿಶಾಮಕ ಡಬ್ಬಿ ಜತೆಗಿರಬೇಕು. ಕನ್ನಡ, ಹಿಂದಿ ಎರಡರಲ್ಲೂ ಅಚ್ಚಾದ ಒಂದು ಚೀಟಿ ಸೆಟ್ಟಿಗೇ ಕಟ್ಟಿರಬೇಕು. ಇವತ್ತು ಸೈಟುಗಳಲ್ಲಿ ಬಿಹಾರ, ಉತ್ತರ ಪ್ರದೇಶದ ಹುಡುಗರೇ ಬಹಳ. ಕೊಟ್ಟವನು, ಒಯ್ದವನು ಇಬ್ಬರೂ ಅದಕ್ಕೆ ಸಹಿ ಹಾಕಲಿ. ಬಾಡಿಗೆ ಏರುತ್ತದೆ ಎಂದು ಅಂಗಡಿಯವರು ಗೊಣಗುತ್ತಾರೆ. ಏರಲಿ, ಸೆಟ್ಟಿನ ಬೆಲೆಯ ಮುಂದೆ ಇವೆಲ್ಲ ಚಿಲ್ಲರೆ.

ಇದಕ್ಕೆ ಬೇಕಾದ ಹಣ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿದೆ. ಕಟ್ಟಡ ವೆಚ್ಚದ ಶೇಕಡಾ 1ರಷ್ಟು ಸೆಸ್ ಈ ಹುಡುಗರು ಕಟ್ಟಿದ ಗೋಡೆಗಳಿಂದಲೇ ಬಂದದ್ದು. ‘ಶ್ರಮ ಸಾಮರ್ಥ್ಯ’ ಯೋಜನೆಯಲ್ಲಿ ತರಬೇತಿಯ ಜತೆ ಉಪಕರಣದ ಕಿಟ್ ಕೊಡುವ ಏರ್ಪಾಡು ಇದೆ. ಆ ತರಬೇತಿಯಲ್ಲಿ ಒಂದು ಮಧ್ಯಾಹ್ನ ಸೆಟ್ ಹೇರುವುದು, ಇಳಿಸುವುದು, ಇಡುವ ಜಾಗ ಆರಿಸುವುದನ್ನು ಸೇರಿಸಿದರೆ ಸಾಕು. ಪಾಠ ಮಾಡಲು ಜನ ಸಿಗದಿದ್ದರೆ ನಮ್ಮಂಥ ಹಳೆಯ ಬೋಧಕರು ಊರಲ್ಲಿ ಬಹಳ ಮಂದಿ ಇದ್ದೇವೆ.

ಯಶವಂತಪುರ, ಗೊರಗುಂಟೆಪಾಳ್ಯದ ಅಂಗಡಿಗಳಿಂದ ಶುರುಮಾಡಬಹುದು. ಮುಂಗಾರಿನ ಮೊದಲೇ ಆದರೆ ಒಳ್ಳೆಯದು. ತಮ್ಮ ನಿರೀಕ್ಷಕರು ಒಂದು ದಿನ ಬೆಳಿಗ್ಗೆ ಆರೂವರೆಗೆ, ಸೆಟ್ಟುಗಳು ಗಾಡಿಗೆ ಏರುವ ಹೊತ್ತಿಗೆ, ಅಲ್ಲಿ ನಿಲ್ಲುವುದಾದರೆ ನಾನೂ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಯಶವಂತಪುರದ ಒಬ್ಬ ನಿವೃತ್ತ ವೆಲ್ಡಿಂಗ್ ಬೋಧಕ