ಮಶೀನು ಹೇಳಿದ ಮ್ಯಾಲೆ ಮುಗೀತೇನು?

"ಇನ್ನ ಲಾಗರಿದಮ್ ಯಾಕ ಕಲಸ್ತೀರಿ ಅಕ್ಕೋರ, ಗುಂಡಿ ಒತ್ತಿದ್ರ ಬರತದಲ್ಲಾ" ಎನ್ನುವವರಿಗೆ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಬರವಿಲ್ಲ. ಪಾಲಕರು ಹೋಗಲಿ, ಗಣಿತ ಕಲಿಸುವವರೇ ಹೀಗೆನ್ನುತ್ತಾರೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಮಾತು ಇನ್ನೂ ಧಾರಾಳ. ನನಗಿದು ಸುತರಾಂ ಒಪ್ಪಿಗೆಯಿಲ್ಲ. ಗುಂಡಿ ಒತ್ತಿದರೆ ಉತ್ತರ ಬರುತ್ತದೆ, ನಿಜ. ಅದು ಯಾವ ಪ್ರಶ್ನೆಯ ಉತ್ತರ?

ಒಂದು ಲೆಕ್ಕ ಮಾಡೋಣ. ಶೇಕಡಾ 7ರ ಬಡ್ಡಿಗಿಟ್ಟ ದುಡ್ಡು ಎಷ್ಟು ವರ್ಷಕ್ಕೆ ಇಮ್ಮಡಿಯಾದೀತು? ಬಡ್ಡಿಯನ್ನು ಸೆಕೆಂಡಿಗೊಮ್ಮೆ ಅಸಲಿಗೆ ಸೇರಿಸುತ್ತಾರೆ ಎಂದಿಟ್ಟುಕೊಳ್ಳಿ. (ಯಾವ ಬ್ಯಾಂಕಿನವರೂ ಹಾಗೆ ಸೇರಿಸುವುದಿಲ್ಲ, ಗೊತ್ತು; ಲೆಕ್ಕದ ಅಕ್ಕೋರಿಗೆ ಇಷ್ಟು ಸಲಿಗೆ ಇರಲಿ.) ವರ್ಷಕ್ಕೆ 3,15,36,000 ಸೆಕೆಂಡು. ಇದರಿಂದ 0.07ನ್ನು ಭಾಗಿಸಿದರೆ ಸುಮಾರು 0.00000000222. ಇದಕ್ಕೆ 1 ಕೂಡಿಸಿ ಲಾಗ್ ತೆಗೆಯಬೇಕು. 2ರ ಲಾಗನ್ನು ಅದರಿಂದ ಭಾಗಿಸಿದರೆ ಬೇಕಾದ ಸೆಕೆಂಡುಗಳು ಸಿಗುತ್ತವೆ. ಹತ್ತೇ ಅಂಕಿ ಹಿಡಿಯುವ ಯಂತ್ರದ ಉತ್ತರ ಸುಮಾರು 11 ವರ್ಷ. ಸರಿಯುತ್ತರ 9 ವರ್ಷ 11 ತಿಂಗಳು. ಒಂದು ವರ್ಷಕ್ಕೂ ಹೆಚ್ಚು ಎಲ್ಲಿ ಹೋಯಿತು?

ಲಾಗ್ ಗುಂಡಿಯನ್ನು ಬೈಯಬೇಡಿರಿ, ಅದು ಪ್ರಾಮಾಣಿಕ. ಕಳವು ಆದದ್ದು ಅದಕ್ಕೂ ಮೊದಲು, 1 ಕೂಡಿಸುವಾಗ. ಕೂಡಿಸಿದಾಗ ಹತ್ತು ಅಂಕಿಗಳಲ್ಲಿ ಹಿಡಿದದ್ದು 1.000000002 ಮಾತ್ರ, ಉಳಿದದ್ದು ಉದುರಿತು. ಅಮರಗೋಳದ ಎ.ಪಿ.ಎಂ.ಸಿ.ಗೆ ಮೆಣಸಿನಕಾಯಿ ಹೇರಿಕೊಂಡು ಬಂದ ಲಾರಿಯನ್ನು ವೇಬ್ರಿಜ್ ಮೇಲೆ ತೂಗಿ, ಅದರ ಮೇಲೆ ನಿಮ್ಮ ಮೂಗುತಿ ಇಟ್ಟು ಇನ್ನೊಮ್ಮೆ ತೂಗಿ ಕಳೆದರೆ ಮೂಗುತಿಯ ತೂಕ ಸೊನ್ನೆ! ವೇಬ್ರಿಜ್ ಕೆಟ್ಟಿಲ್ಲ. ಮೂಗುತಿಗೆ ಅಕ್ಕಸಾಲಿಗನ ತಕ್ಕಡಿ ಬೇಕಿತ್ತು.

ಸಣ್ಣ ಸಂಖ್ಯೆ ಒಂಟಿಯಾಗಿದ್ದಾಗ ಯಂತ್ರ ಅದನ್ನು ಚೆನ್ನಾಗಿಯೇ ಕಾಪಾಡುತ್ತದೆ. ಕಂಪ್ಯೂಟರು ಸಂಖ್ಯೆಯನ್ನು ಎರಡು ಪಾಲು ಮಾಡಿ ಇಡುತ್ತದೆ: 2ರ ಘಾತ ಎಷ್ಟು ಎಂಬುದೊಂದು, ಅಂಕಿಗಳ ಸಾಲು ಇನ್ನೊಂದು. ಆ ಮೊದಲ ಪಾಲು ನಮಗೆ ಹೊಸದೇನಲ್ಲ. ವೀರಸೇನಾಚಾರ್ಯರ 9ನೆಯ ಶತಮಾನದ ಧವಳಾ ಟೀಕೆಯಲ್ಲಿ ಅರ್ಧಚ್ಛೇದ ಎಂಬ ಮಾತಿದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಎಂಬ ಎಣಿಕೆ. 32ಕ್ಕೆ 5. ಇಂದಿನವರು ಇದನ್ನೇ 2ರ ಆಧಾರದ ಲಾಗ್ ಎನ್ನುತ್ತಾರೆ. ಆ ಗ್ರಂಥದ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿ ಉಳಿದುಬಂದದ್ದು ನಮ್ಮ ಮೂಡಬಿದಿರೆಯಲ್ಲಿ. ಲಾಗರಿದಮ್ ಪರದೇಶದ ಗೊಡ್ಡು ವಿದ್ಯೆ ಎಂದು ಮೂಗು ಮುರಿಯುವವರು ಇದನ್ನಷ್ಟು ಕೇಳಿಸಿಕೊಳ್ಳಲಿ.

"ಈಗಿನ ಕಂಪ್ಯೂಟರ್ ಹದಿನಾರು ಅಂಕಿ ಹಿಡೀತದ್ರಿ" ಎಂದು ಇನ್ನೊಂದು ವಾದ. ಹಿಡಿಯಲಿ. ದಶಾಂಶ ಬಿಂದುವಿನ ಮುಂದೆ 15 ಸೊನ್ನೆ, ಆಮೇಲೆ 1 ಇರುವ ಸಂಖ್ಯೆಗೆ 1 ಕೂಡಿಸಿ ನೋಡಿರಿ. ಅದೂ ಬರಿಯ 1 ಎಂದು ಬರೆದುಕೊಂಡು, ಲಾಗ್ ಸೊನ್ನೆ ಎನ್ನುತ್ತದೆ. ಅಂಕಿ ಹೆಚ್ಚಾದರೆ ರೋಗ ವಾಸಿಯಾಗುವುದಿಲ್ಲ, ಮುಂದಿನ ಓಣಿಗೆ ಹೋಗುತ್ತದೆ ಅಷ್ಟೆ.

ಮದ್ದು ಬೇರೆಯೇ ಇದೆ. ಯಂತ್ರಗಳ ದಶಾಂಶ ಲೆಕ್ಕಕ್ಕೆ 1985ರಲ್ಲಿ ಬಂದ ಐಇಇಇ 754 ಮಾನದಂಡದ ಹಿಂದಿದ್ದ, 1989ರ ಟ್ಯೂರಿಂಗ್ ಪ್ರಶಸ್ತಿ ಪಡೆದ ವಿಲಿಯಂ ಕಹಾನ್ ಅವರ ಉಪಾಯ. 1 ಕೂಡಿಸಿದ ಮೇಲೆ ಯಂತ್ರ ಹಿಡಿದ ಮೊತ್ತದ ಲಾಗ್ ತೆಗೆಯಿರಿ. ಅದೇ ಮೊತ್ತದಿಂದ 1 ಕಳೆದು, ಉಳಿದದ್ದರಿಂದ ಆ ಲಾಗನ್ನು ಭಾಗಿಸಿರಿ. ಮೊದಲಿನ ಸಣ್ಣ ಸಂಖ್ಯೆಯಿಂದ ಗುಣಿಸಿರಿ. ಮೊತ್ತ ಬರೀ 1 ಆಗಿದ್ದರೆ ಆ ಸಣ್ಣ ಸಂಖ್ಯೆಯೇ ಉತ್ತರ. ಹಾಗೆ ಮಾಡಿದರೆ ಹತ್ತಂಕಿಯ ಯಂತ್ರವೂ 9 ವರ್ಷ 11 ತಿಂಗಳನ್ನೇ ಹೇಳುತ್ತದೆ! 1ರ ಆಸುಪಾಸಿನಲ್ಲಿ ಲಾಗಿಗೂ 1ನ್ನು ಮೀರಿದ ಭಾಗಕ್ಕೂ ಇರುವ ಅನುಪಾತ ಹೆಚ್ಚುಕಡಿಮೆ ಅಲುಗಾಡುವುದಿಲ್ಲ. ಆದ್ದರಿಂದ ಮೊತ್ತ ತುಸು ತಪ್ಪಿದರೂ ಅನುಪಾತ ತಪ್ಪುವುದಿಲ್ಲ. 1999ರ ಸಿ ಭಾಷೆಯ ಮಾನದಂಡದಲ್ಲಿ ಇಂಥ ಲೆಕ್ಕಕ್ಕೆಂದೇ ಲಾಗ್1ಪಿ ಎಂಬ ಬೇರೆ ಸೂತ್ರ ಸೇರಿತು. ಅದು ಇದೆಯೆಂದು ಗೊತ್ತಿದ್ದವರು ತಾನೇ ಅದನ್ನು ಕರೆದಾರು?

ಕ್ಲಾರ್ಕ್ಸ್ ಟೇಬಲನ್ನು ಮತ್ತೆ ಬೆಂಚಿನ ಮೇಲೆ ತಂದಿಡಿ ಎಂದು ನಾನು ಹಟ ಹಿಡಿದಿಲ್ಲ; ಆ ನಾಲ್ಕಂಕಿಯ ಪುಸ್ತಕಕ್ಕೂ ಈ ಲೆಕ್ಕ ನೀಗುತ್ತಿರಲಿಲ್ಲ. ನಾನು ಕೇಳುವುದು ವರ್ಷಕ್ಕೆ ಒಂದೆಂಟು ಪಿರಿಯಡ್ಡು, ಕ್ಯಾಲ್ಕ್ಯುಲೇಟರು ಮುಂದಿಟ್ಟುಕೊಂಡೇ. ಆ ಪಿರಿಯಡ್ಡಿಗೆ ಹುಡುಗಿಯರನ್ನು ರಂಗೋಲಿ ಸ್ಪರ್ಧೆಯ ತಯಾರಿಗೆಂದು ಎಬ್ಬಿಸಿಕೊಂಡು ಹೋಗಬೇಡಿರಿ.