ಯಾರ ಬೇಸಗೆ?

ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚಿನಲ್ಲಿ ಮುಗಿಯಿತೆಂದರೆ ಪ್ಲಸ್ ವನ್ ತರಗತಿ ಆರಂಭವಾಗುವ ತನಕ ನಮ್ಮ ಮಕ್ಕಳಿಗೆ ಎರಡು ಮೂರು ತಿಂಗಳ ಬಿಡುವು. ಈ ಬಿಡುವನ್ನು ಆನ್‌ಲೈನ್ ಕೋರ್ಸುಗಳಿಗೆ ವಿನಿಯೋಗಿಸಬೇಕೆಂಬ ಉತ್ಸಾಹ ಈಚೆಗೆ ಹೆತ್ತವರಲ್ಲಿ ಕಂಡುಬರುತ್ತಿದೆ. ವಿದೇಶೀ ವಿಶ್ವವಿದ್ಯಾನಿಲಯಗಳ 'ಪ್ರಿ-ಕಾಲೇಜ್' ಕೋರ್ಸಿಗೆ ಸಾಲ ಮಾಡಿಯಾದರೂ ಸೇರಿಸಬಹುದೇ ಎಂದು ನಮ್ಮನ್ನು ಕೇಳಿದವರೂ ಇದ್ದಾರೆ.

ಅಮೆರಿಕದ ಸ್ಟಾನ್‌ಫೋರ್ಡ್, ಬ್ರೌನ್ ಮೊದಲಾದ ವಿಶ್ವವಿದ್ಯಾನಿಲಯಗಳು ಹೈಸ್ಕೂಲ್ ವಿದ್ಯಾರ್ಥಿಗಳಿಗಾಗಿ ಇಂಥ ತರಗತಿಗಳನ್ನು ನಡೆಸುತ್ತಿರುವುದು ನಿಜ. ಪಾಠ ಕಳಪೆಯೆಂದು ನಾವು ಹೇಳುವುದಿಲ್ಲ. ಆದರೆ ಶುಲ್ಕ ಸಾವಿರಾರು ಡಾಲರುಗಳಲ್ಲಿದೆ. ಅಲ್ಲಿ ಕಲಿತ ಮಾತ್ರಕ್ಕೆ ಮುಂದೆ ಅದೇ ವಿಶ್ವವಿದ್ಯಾನಿಲಯದಲ್ಲಿ ಪ್ರವೇಶ ಸಿಕ್ಕೇ ಸಿಗುತ್ತದೆಂಬ ಭರವಸೆಯಿಲ್ಲ. ಮೇಲಾಗಿ ಅವರ ಬೇಸಗೆ ಜೂನ್‌ನಿಂದ ಆಗಸ್ಟಿನವರೆಗೆ. ನಮ್ಮಲ್ಲಿ ಆಗ ಆಟಿಯ ಮಳೆ, ಶಾಲೆಯ ಕೆಲಸ, ಗಳಿಗೆಗೊಮ್ಮೆ ಹೋಗುವ ಕರೆಂಟು. ಕ್ಯಾಲಿಫೋರ್ನಿಯದಲ್ಲಿ ಅಪರಾಹ್ನ 2 ಗಂಟೆಗೆ ಆರಂಭವಾಗುವ ನೇರ ಪಾಠಕ್ಕೆ ಇಲ್ಲಿನ ಹುಡುಗಿ ರಾತ್ರಿ ಎರಡೂವರೆಗೆ ಎದ್ದು ಕೂರಬೇಕು!

ಕನ್ನಡ ಮಾಧ್ಯಮದ ಮಕ್ಕಳ ನಿಜವಾದ ಕಷ್ಟವೇ ಬೇರೆ. ಹತ್ತನೆಯ ತರಗತಿಯವರೆಗೆ 'ವೇಗೋತ್ಕರ್ಷ' ಎಂದು ಕಲಿತವನು ಪ್ಲಸ್ ವನ್ನಿನ ಮೊದಲ ವಾರದಲ್ಲೇ 'ಆಕ್ಸಲರೇಶನ್' ಎಂಬ ಮಾತಿಗೆ ತಬ್ಬಿಬ್ಬಾಗುತ್ತಾನೆ. ವಿಷಯ ಅವನಿಗೆ ಗೊತ್ತಿದೆ, ಹೆಸರು ಗೊತ್ತಿಲ್ಲ. ಅಧ್ಯಾಪಕರು ಬಿಡಿಸಿ ಹೇಳುವುದು ಮಲಯಾಳದಲ್ಲಾದರೆ ಕಷ್ಟ ಇಮ್ಮಡಿ. ಬುದ್ಧಿವಂತನೆನಿಸಿದ್ದವನು ಹಿಂದಿನ ಬೆಂಚಿಗೆ ಸರಿದು ಮೌನವಾಗುವುದನ್ನು ನಾವು ಎಷ್ಟೋ ಮನೆಗಳಲ್ಲಿ ಕೇಳಿದ್ದೇವೆ. ಬಿಡುವಿನ ತಿಂಗಳುಗಳಲ್ಲಿ ಆಗಬೇಕಾದುದು ಈ ಕಂದಕಕ್ಕೆ ಸೇತುವೆ.

ಅದಕ್ಕೆ ಸಾಮಗ್ರಿ ಇಲ್ಲವೆನ್ನುವಂತಿಲ್ಲ. ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ 'ಸ್ವಯಂ' ಜಾಲತಾಣದಲ್ಲಿ ಹನ್ನೊಂದು, ಹನ್ನೆರಡನೆಯ ತರಗತಿಯ ವಿಜ್ಞಾನ, ಗಣಿತಗಳ ಎನ್‌ಸಿಇಆರ್‌ಟಿ ಪಾಠಗಳಿವೆ. ನೋಡಿ ಕಲಿಯುವುದಕ್ಕೆ ಶುಲ್ಕವಿಲ್ಲ. ಕೇರಳದ ಪ್ಲಸ್ ಟು ವಿಜ್ಞಾನ ವಿಭಾಗಕ್ಕೂ ಅದೇ ಪಠ್ಯ. ಆದರೆ ಒಂದೂ ಇಂಗ್ಲಿಷ್ ಪಾಠವನ್ನು ಕೇಳಿರದ ಮಗುವನ್ನು ಅದರ ಮುಂದೆ ಒಂಟಿಯಾಗಿ ಕೂರಿಸಿದರೆ ಮೂರನೆಯ ದಿನ ಅದು ಸಿನೆಮಾ ನೋಡುತ್ತಿರುತ್ತದೆ. ತಪ್ಪು ಮಗುವಿನದಲ್ಲ. ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಬಿಡಿಸಿ ಹೇಳುವವರು ಬೇಕು.

2020ರ ಜೂನ್‌ನಲ್ಲಿ ಶಾಲೆಗಳು ಮುಚ್ಚಿದ್ದಾಗ ಕೈಟ್ ವಿಕ್ಟರ್ಸ್ ವಾಹಿನಿಯ 'ಫಸ್ಟ್ ಬೆಲ್' ಆರಂಭವಾಯಿತು. ಆ ಕಾಲದಲ್ಲಿ ನಮ್ಮ ಕನ್ನಡ ಅಧ್ಯಾಪಕರೂ ಪಾಠಗಳನ್ನು ಸಿದ್ಧಪಡಿಸಿ ಮಕ್ಕಳಿಗೆ ಮುಟ್ಟಿಸಿದರು. ಅಂದು ಸಾಧ್ಯವಾದುದು ಇಂದೇಕೆ ಆಗಬಾರದು? ಎಪ್ರಿಲ್, ಮೇ ತಿಂಗಳುಗಳಲ್ಲಿ ದಿನಕ್ಕೆ ಒಂದೇ ಗಂಟೆಯ ಪಾಠ, ಕನ್ನಡದಲ್ಲಿ ವಿವರಣೆ, ಜತೆಗೆ ಇಂಗ್ಲಿಷ್ ಪಾರಿಭಾಷಿಕ ಪದಗಳ ಅಭ್ಯಾಸ, ಇಷ್ಟಾದರೆ ಸಾಕು. ಮನೆಯಲ್ಲಿ ನೆಟ್‌ವರ್ಕ್ ಸಿಗದ ಮಕ್ಕಳಿಗೆ ಊರಿನ ಗ್ರಂಥಾಲಯದ ಬಾಗಿಲು ತೆರೆಯಲಿ.

ಶಿಕ್ಷಣ ಇಲಾಖೆ ಮತ್ತು ಕನ್ನಡ ಅಧ್ಯಾಪಕರ ಸಂಘಟನೆಗಳು ಬರುವ ಮಾರ್ಚಿಗೆ ಮೊದಲೇ ಒಟ್ಟಿಗೆ ಕುಳಿತು ಇದರ ವೇಳಾಪಟ್ಟಿಯನ್ನು ಪ್ರಕಟಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಸಾಲದ ಅರ್ಜಿ ಹಿಡಿದಿರುವ ಹೆತ್ತವರು ಅಷ್ಟರ ತನಕ ತಡೆಯಲಿ.