ಮತವಿಲ್ಲದವರ ಪ್ರತಿನಿಧಿ

ಪ್ರಜಾಪ್ರಭುತ್ವದಲ್ಲಿ ಶಾಸನಸಭೆಗೆ ಹೋಗುವ ದಾರಿಗಳು ಹಲವು. ವಕೀಲವೃತ್ತಿಯಲ್ಲಿ ನುರಿತು ಹೋದವರುಂಟು. ವ್ಯಾಪಾರದಲ್ಲಿ ದ್ರವ್ಯಾರ್ಜನೆ ಮಾಡಿ ಹೋದವರುಂಟು. ಮನೆತನದ ಹೆಸರನ್ನೇ ಮೂಲಧನವಾಗಿಟ್ಟುಕೊಂಡು ಹೋದವರೂ ಉಂಟು. ಇವರಾರ ಪಂಕ್ತಿಗೂ ಸೇರದ ಇನ್ನೊಂದು ವರ್ಗವಿದೆ. ಹೊರನಾಡಿನಿಂದ ಬಂದು ನೆಲಸಿ, ತಮ್ಮಂತೆಯೇ ಬಂದು ಇನ್ನೂ ನೆಲೆಗಾಣದವರನ್ನು ಒಂದೆಡೆ ಕೂಡಿಸಿ, ಅವರ ಅಹವಾಲನ್ನು ಹೊತ್ತು ಅಧಿಕಾರಿಗಳ ಮುಂದೆ ವರ್ಷಗಟ್ಟಲೆ ನಿಂತು, ಕಡೆಗೆ ಅಹವಾಲನ್ನು ಆಲಿಸತಕ್ಕವರ ಸ್ಥಾನದಲ್ಲಿ ತಾವೇ ಕುಳಿತುಕೊಳ್ಳುವ ಜನಸಂಘಟಕರ ವರ್ಗ ಅದು. ಹೊರಗಿನ ಆ ದುಡಿಮೆ ಒಳಗಿನ ಈ ಕಾರ್ಯಕ್ಕೆ ತಕ್ಕ ಶಿಕ್ಷಣವಾಗಬಲ್ಲುದೇ, ಅಥವಾ ಅದಕ್ಕೆ ಅಡ್ಡಿಯಾಗುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಇಂಥ ಪ್ರಶ್ನೆಯನ್ನು ಬರಿಯ ತತ್ತ್ವವಾಗಿ ಚರ್ಚಿಸುವುದಕ್ಕಿಂತ ಒಬ್ಬರ ಸಾರ್ವಜನಿಕ ಜೀವಿತಕ್ಕೆ ಹೊಂದಿಸಿ ನೋಡುವುದು ಲೇಸು. ಪ್ರಮೀಳಾ ಜಯಪಾಲ್ ಅವರು 1965ರಲ್ಲಿ ಮದರಾಸಿನಲ್ಲಿ ಜನಿಸಿ, ಇಂಡೊನೇಷ್ಯ ಮತ್ತು ಸಿಂಗಪುರಗಳಲ್ಲಿ ಬಾಲ್ಯವನ್ನು ಕಳೆದು, 1982ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ವಿದ್ಯಾಭ್ಯಾಸಕ್ಕಾಗಿ ಒಬ್ಬರೇ ಅಮೆರಿಕಕ್ಕೆ ಹೋದರು. ಆ ದೇಶದ ಪೌರತ್ವ ಅವರ ಕೈಸೇರಿದುದು 2000ದಲ್ಲಿ, ಹದಿನೆಂಟು ವರ್ಷಗಳ ತರುವಾಯ. ಮರುವರ್ಷದ ಸೆಪ್ಟೆಂಬರ್ 11ರ ದುರಂತವಾದ ಮೇಲೆ ಮುಸಲ್ಮಾನರು, ಅರಬ್ಬರು, ಮುಂಡಾಸು ಧರಿಸಿದ ಸಿಖ್ಖರು ಬೀದಿಗಿಳಿಯಲು ಅಂಜುವ ಪರಿಸ್ಥಿತಿ ಒದಗಿದಾಗ, ಅವರು ಸಿಯಾಟಲ್ ನಗರದಲ್ಲಿ ‘ಹೇಟ್ ಫ್ರೀ ಝೋನ್’ ಎಂಬ ಸಂಸ್ಥೆಯನ್ನು ಕಟ್ಟಿದರು. 2008ರಿಂದ ಅದರ ಹೆಸರು ‘ಒನ್ ಅಮೆರಿಕ’. 2012ರಲ್ಲಿ ಅದರ ಆಡಳಿತವನ್ನು ಬಿಟ್ಟುಕೊಟ್ಟು, 2014ರ ಚುನಾವಣೆಯಲ್ಲಿ ವಾಷಿಂಗ್ಟನ್ ರಾಜ್ಯದ ಸೆನೆಟ್ಟಿಗೆ 37ನೆಯ ಕ್ಷೇತ್ರದಿಂದ ಆಯ್ಕೆಯಾದರು.

ಆ ಸಂಸ್ಥೆ ಮಾಡಿದ ಕಾರ್ಯಗಳಲ್ಲಿ ಒಂದನ್ನು ತುಸು ಹತ್ತಿರದಿಂದ ಪರಿಶೀಲಿಸಬೇಕು. ಸೋಮಾಲಿಯದಿಂದ ಬಂದಿದ್ದ ಸಾವಿರಾರು ಜನರನ್ನು ಹಿಂದಕ್ಕೆ ಅಟ್ಟಲು ಕೇಂದ್ರ ಸರ್ಕಾರ ತೊಡಗಿದ್ದಿತು. ಆದರೆ 1991ರಲ್ಲಿ ಆ ದೇಶದ ಸರ್ಕಾರ ಕುಸಿದುಬಿದ್ದ ಮೇಲೆ, ವಿಮಾನದಿಂದ ಇಳಿದವನನ್ನು ತನ್ನ ಪ್ರಜೆಯೆಂದು ಬರಮಾಡಿಕೊಳ್ಳುವ ಅಧಿಕಾರಸ್ಥರು ಅಲ್ಲಿ ಇರಲಿಲ್ಲ. ಸ್ವೀಕರಿಸುವ ಸರ್ಕಾರವೇ ಇಲ್ಲದ ನೆಲಕ್ಕೆ ಮನುಷ್ಯನನ್ನು ಕಳುಹಿಸಲು ಕಾನೂನು ಅನುಮತಿ ಕೊಡುವುದೇ ಎಂದು 2002ರಲ್ಲಿ ಸಂಸ್ಥೆ ದಾವೆ ಹೂಡಿತು. ದೇಶಾದ್ಯಂತ 4,000ಕ್ಕೂ ಹೆಚ್ಚು ಸೋಮಾಲಿಗಳ ಗಡೀಪಾರಿಗೆ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಜಯವೇನೋ ದೊಡ್ಡದು. ಆದರೆ ಅದು ನಿಂತಿದ್ದುದು ಒಂದು ಶಾಸನವಾಕ್ಯಕ್ಕೆ ಮಾಡಿದ ಅರ್ಥದ ಮೇಲೆ. 2005ರ ಜನವರಿಯಲ್ಲಿ, ಮಿನ್ನೆಸೋಟದ ಬೇರೊಬ್ಬ ಸೋಮಾಲಿಯ ವ್ಯಾಜ್ಯದಲ್ಲಿ, ಸುಪ್ರೀಂ ಕೋರ್ಟು ನಾಲ್ವರ ಭಿನ್ನಮತದ ನಡುವೆ ಐವರ ಬಹುಮತದಿಂದ ಅದೇ ವಾಕ್ಯಕ್ಕೆ ವಿರುದ್ಧಾರ್ಥವನ್ನು ಮಾಡಿ, ಬರಮಾಡಿಕೊಳ್ಳುವ ಸರ್ಕಾರದ ಒಪ್ಪಿಗೆ ಬೇಕಾಗಿಲ್ಲವೆಂದು ತೀರ್ಪಿತ್ತಿತು. ಅಲ್ಪವಿರಾಮ ಎಲ್ಲಿದೆ, ಉಪವಾಕ್ಯ ಯಾವ ಪದಕ್ಕೆ ಅನ್ವಯಿಸುತ್ತದೆ ಎಂಬುದರ ಮೇಲೆ ಸಹಸ್ರಾರು ಸಂಸಾರಗಳ ಭವಿಷ್ಯ ತೂಗಾಡುವುದನ್ನು ಕಣ್ಣಾರೆ ಕಂಡ ಸಂಘಟಕರಿಗೆ, ಆ ವಾಕ್ಯವನ್ನು ಬರೆಯುವ ಸ್ಥಳಕ್ಕೇ ಹೋಗಬೇಕೆಂಬ ಬಯಕೆ ಹುಟ್ಟಿದರೆ ಅದನ್ನು ಅಧಿಕಾರಲಾಲಸೆಯೆಂದು ಹೇಳುವುದು ಅನ್ಯಾಯವಾದೀತು.

ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. ವಲಸೆಯ ಕಾನೂನು ಅಮೆರಿಕದಲ್ಲಿ ಕೇಂದ್ರದ ಅಧೀನ. ರಾಜ್ಯದ ಶಾಸಕರು ಅದರ ಒಂದಕ್ಷರವನ್ನೂ ತಿದ್ದಲಾರರು. ಇದು ನಿಜ. ಆದರೆ ಬಂದವನು ದೇಶದೊಳಗೆ ಇರಬಹುದೇ ಎಂಬುದನ್ನು ಕೇಂದ್ರ ನಿರ್ಣಯಿಸಿದರೆ, ಅವನು ಹೇಗೆ ಬಾಳಬಹುದು ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುದು ರಾಜ್ಯ. ಅವನ ಕೂಲಿ, ಮಕ್ಕಳ ಶಾಲೆ, ಮನೆಬಾಡಿಗೆಯ ಕರಾರು, ಪೊಲೀಸಿನವರ ನಡವಳಿಕೆ, ವಾಹನ ಓಡಿಸುವ ಪರವಾನಗಿ, ಇವೆಲ್ಲವೂ ರಾಜ್ಯದ ವಿಷಯಗಳು. ವಾಷಿಂಗ್ಟನ್ ರಾಜ್ಯವು 2003ರಲ್ಲಿ, ದಾಖಲೆಗಳಿಲ್ಲದ ಕುಟುಂಬಗಳ ಮಕ್ಕಳಿಗೂ ಸ್ಥಳೀಯರ ದರದ ಕಾಲೇಜು ಶುಲ್ಕವನ್ನು ವಿಧಿಸಲು ಒಪ್ಪಿತು. 2014ರಲ್ಲಿ ಸರ್ಕಾರದ ವಿದ್ಯಾರ್ಥಿವೇತನವನ್ನೂ ಅವರಿಗೆ ವಿಸ್ತರಿಸಿತು. ಕೇಂದ್ರದ ಕಾನೂನು ಕಿಂಚಿತ್ತೂ ಬದಲಾಗದೆಯೇ ಒಂದು ತಲೆಮಾರಿನ ಬಾಳು ಬದಲಾಯಿತು.

ಆದರೂ ಸಂಘಟಕರ ಪರವಾದ ಮುಖ್ಯ ವಾದ ಇದಲ್ಲ. ಅದು ಪ್ರಾತಿನಿಧ್ಯದ ಸ್ವರೂಪದಲ್ಲಿಯೇ ಅಡಗಿದೆ. ವಾಷಿಂಗ್ಟನ್ ರಾಜ್ಯವನ್ನು 49 ಕ್ಷೇತ್ರಗಳನ್ನಾಗಿ ವಿಭಾಗಿಸಿದೆ. 2010ರ ಜನಗಣತಿಯ ಪ್ರಕಾರ ಒಂದೊಂದರಲ್ಲಿಯೂ ಸುಮಾರು 1,37,000 ಜನ. ಈ ಎಣಿಕೆಯಲ್ಲಿ ಮತದಾರರು ಮಾತ್ರವೇ ಇರುವುದಿಲ್ಲ. ಹಸುಗೂಸುಗಳು, ಪೌರತ್ವವಿನ್ನೂ ದೊರೆಯದ ಕೂಲಿಗಾರರು, ಕಾಗದಪತ್ರವೇ ಇಲ್ಲದವರು, ಸಕಲರೂ ಸೇರಿಯೇ ಕ್ಷೇತ್ರ. ಮತದಾರರ ಸಂಖ್ಯೆಯನ್ನೇ ಆಧಾರವಾಗಿ ಹಿಡಿಯಬೇಕೆಂದು ಟೆಕ್ಸಾಸಿನಿಂದ ಬಂದ ವ್ಯಾಜ್ಯವನ್ನು 2016ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿ, ಒಟ್ಟು ಜನಸಂಖ್ಯೆಯ ಆಧಾರ ಸಂವಿಧಾನಸಮ್ಮತವೆಂದು ಒಮ್ಮತದಿಂದ ಸಾರಿತು. ಆದಕಾರಣ ಶಾಸಕರು ಎಲ್ಲ ನಿವಾಸಿಗಳ ಪ್ರತಿನಿಧಿಗಳು. ಆದರೆ ಅವರನ್ನು ಆರಿಸುವವರು ಮತದಾರರು ಮಾತ್ರ. ಈ ಅಂತರದಲ್ಲಿ ಪ್ರಾತಿನಿಧ್ಯದ ಧರ್ಮಸಂಕಟವೆಲ್ಲ ಇದೆ. ಮತವುಳ್ಳವನ ದೂರು ಚುನಾವಣೆಯ ಭಯದಿಂದಲಾದರೂ ಕಿವಿಗೆ ಬೀಳುತ್ತದೆ. ಮತವಿಲ್ಲದವನ ದೂರು ಬೀಳಬೇಕಾದರೆ ಅದನ್ನು ಹುಡುಕಿಕೊಂಡು ಹೋಗಿ ಕೇಳುವ ಅಭ್ಯಾಸ ಮೊದಲೇ ಇರಬೇಕು. ಆ ಅಭ್ಯಾಸವೇ ಸಂಘಟಕರ ವೃತ್ತಿ. ಮತವಿಲ್ಲದವರ ನಡುವೆ ಹತ್ತು ವರ್ಷ ದುಡಿದವರು ಶಾಸಕರಾದಾಗ, ಸಂವಿಧಾನ ತಮ್ಮ ಪಾಲಿಗೆ ಒಪ್ಪಿಸಿರುವವರೆಲ್ಲರ ಮುಖಪರಿಚಯದೊಡನೆ ಸಭೆಗೆ ಬರುತ್ತಾರೆ.

ಮತವಿಲ್ಲದವರನ್ನು ಮತದಾರರನ್ನಾಗಿ ಮಾಡುವುದೂ ಈ ವೃತ್ತಿಯ ಒಂದಂಗ. ಪೌರತ್ವದೀಕ್ಷೆಯ ಸಮಾರಂಭದಲ್ಲಿ ಬಹುಕಾಲ ಜೋಪಾನವಾಗಿಟ್ಟುಕೊಂಡಿದ್ದ ಗ್ರೀನ್ ಕಾರ್ಡನ್ನು ಅಧಿಕಾರಿಗಳಿಗೆ ಹಿಂದಿರುಗಿಸಿ, ಬಲಗೈಯೆತ್ತಿ ಪ್ರಮಾಣ ಮಾಡಿ, ಹೊಸ ಪ್ರಮಾಣಪತ್ರ ಹಿಡಿದು ಹೊರಬಂದವರನ್ನು ಕಾರ್ಯಕರ್ತರು ಒಂದು ಮೇಜಿನ ಬಳಿಗೆ ಕರೆದು, ಹೆಸರು, ವಿಳಾಸ, ಜನ್ಮದಿನಾಂಕಗಳನ್ನು ಬರೆಸಿ, ರುಜು ಹಾಕಿಸಿ, ಅವರನ್ನು ಮತದಾರರ ಪಟ್ಟಿಗೆ ಸೇರಿಸುತ್ತಿದ್ದರು. ಒನ್ ಅಮೆರಿಕ ಸಂಸ್ಥೆ ಹೀಗೆ 23,000ಕ್ಕೂ ಮಿಕ್ಕಿ ಹೊಸ ಪೌರರನ್ನು ನೋಂದಾಯಿಸಿತು. ಹಿಂದಿನವರಿಗೆ ಈ ಮೇಜಿನವರೆಗೆ ಬರುವುದೇ ದುಸ್ಸಾಧ್ಯವಾಗಿತ್ತು. ಪಂಜಾಬಿನ ದಲೀಪ್ ಸಿಂಗ್ ಸೌಂಡ್ ಅವರು ಅಮೆರಿಕಕ್ಕೆ ಹೋದುದು 1920ರಲ್ಲಿ. ಭಾರತೀಯರಿಗೆ ಪೌರತ್ವ ಕೊಡುವ ಕಾನೂನಿಗಾಗಿ ಸಂಘ ಕಟ್ಟಿ ಹೋರಾಡಿ, 1946ರಲ್ಲಿ ಆ ಕಾನೂನಾದ ಮೇಲೆ, ಅವರು ಪೌರರಾದುದು 1949ರಲ್ಲಿ. ಮರುವರ್ಷ ನ್ಯಾಯಾಧೀಶನ ಸ್ಥಾನಕ್ಕೆ ಚುನಾಯಿತರಾದರೂ, ಪೌರರಾಗಿ ವರ್ಷ ತುಂಬಿಲ್ಲವೆಂದು ಆ ಸ್ಥಾನ ತಪ್ಪಿತು. 1956ರಲ್ಲಿ ಅವರೇ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದರು.

ಇನ್ನೊಂದು ಆಕ್ಷೇಪವುಂಟು: ಸಂಘಟಕರು ತಮ್ಮವರಿಗಾಗಿ ಮಾತ್ರ ಹೋರಾಡಿ ಅಭ್ಯಾಸವಾದವರು, ಶಾಸನಸಭೆಗೆ ಬೇಕಾದ ಸರ್ವಹಿತದ ದೃಷ್ಟಿ ಅವರಿಗೆಲ್ಲಿಯದು ಎಂದು. ಕೇರಳಮೂಲದ ಮನೆಯ ಮಹಿಳೆಯೊಬ್ಬರು ಸೋಮಾಲಿಗಳಿಗಾಗಿ ಕೋರ್ಟಿಗೆ ಹೋದುದನ್ನು ನೆನೆದರೆ ಈ ಆಕ್ಷೇಪ ಅರ್ಧ ಕರಗುತ್ತದೆ. ಅಲ್ಲಿ ‘ತಮ್ಮವರು’ ಎಂಬುದನ್ನು ನಿರ್ಧರಿಸಿದುದು ಕುಲವೂ ಅಲ್ಲ, ಭಾಷೆಯೂ ಅಲ್ಲ. ಒಂದೇ ಬಗೆಯ ಅಸಹಾಯಸ್ಥಿತಿ. ಮಿಕ್ಕ ಅರ್ಧಕ್ಕೆ ಉತ್ತರ 37ನೆಯ ಕ್ಷೇತ್ರವೇ. ಆಗ್ನೇಯ ಸಿಯಾಟಲಿನ ಆ ಕ್ಷೇತ್ರದಲ್ಲಿ ಕಪ್ಪುಜನರು, ಏಷ್ಯದವರು, ಆಫ್ರಿಕದಿಂದ ಬಂದವರು, ಬಿಳಿಯರು ಬೆರೆತು ವಾಸಿಸುತ್ತಾರೆ. ಕೇವಲ ಭಾರತೀಯರ ಮತಗಳಿಂದ ಅಲ್ಲಿ ಯಾರೂ ಗೆಲ್ಲಲಾರರು. ಆರು ಮಂದಿ ಉಮೇದುವಾರರಿದ್ದ ಮೊದಲ ಸುತ್ತಿನಲ್ಲಿಯೇ ಜಯಪಾಲ್ ಅವರಿಗೆ ಅರ್ಧಕ್ಕಿಂತ ಹೆಚ್ಚು ಮತಗಳು ಬಂದುವು.

ಹೋರಾಟದವರು ಹಠಮಾರಿಗಳು, ರಾಜಿಯ ಕಲೆಯನ್ನರಿಯರು ಎಂಬ ಮಾತೂ ಪರೀಕ್ಷೆಗೆ ನಿಲ್ಲದು. ಸಿಯಾಟಲಿನಲ್ಲಿ ಗಂಟೆಗೆ 15 ಡಾಲರಿನ ಕನಿಷ್ಠ ವೇತನದ ಚರ್ಚೆ ನಡೆದಾಗ, ಮೇಯರು ನೇಮಿಸಿದ ಸಮಿತಿಯಲ್ಲಿ ಮಾಲೀಕರ ಮತ್ತು ಕಾರ್ಮಿಕರ ಕಡೆಯವರೊಡನೆ ಜಯಪಾಲ್ ಅವರೂ ಇದ್ದರು. 2014ರ ಜೂನಿನಲ್ಲಿ ನಗರಸಭೆ ಅಂಗೀಕರಿಸಿದ ಕಾನೂನು ದೊಡ್ಡ ಉದ್ಯಮಗಳಿಗೆ ಕಡಮೆ ಗಡುವನ್ನೂ ಸಣ್ಣವಕ್ಕೆ ದೀರ್ಘವಾದ ಗಡುವನ್ನೂ ಕೊಟ್ಟು ವೇತನವನ್ನು ಹಂತಹಂತವಾಗಿ ಏರಿಸಿತು. ಎರಡು ಪಕ್ಷಗಳಿಗೂ ಪೂರ್ಣತೃಪ್ತಿಯಿಲ್ಲದ, ಆದರೆ ಇಬ್ಬರೂ ಬಾಳಬಹುದಾದ ಏರ್ಪಾಡು. ರಾಜ್ಯದ ಸೆನೆಟ್ಟಿನಲ್ಲಿ ಬಹುಮತ ಪ್ರತಿಪಕ್ಷವಾದ ರಿಪಬ್ಲಿಕನ್ನರ ಕಡೆ ಇದ್ದಾಗಲೇ, ಹೆದ್ದಾರಿ ಕಾಮಗಾರಿಯ ಕಸಬುಗಳಿಗೆ ಸ್ತ್ರೀಯರನ್ನೂ ಬಿಳಿಯರಲ್ಲದವರನ್ನೂ ತರಬೇತಿಗೊಳಿಸುವ ಮಸೂದೆಯನ್ನು ಅವರು 2015ರಲ್ಲಿ ಶಾಸನವಾಗಿಸಿದರು. ಅದು ಕ್ರಾಂತಿಯಲ್ಲ, ಕೆಲವರಿಗೆ ಕೈಕಸುಬು ಕಲಿಸುವ ಮಿತವಾದ ವ್ಯವಸ್ಥೆ. ಪ್ರತಿಪಕ್ಷದ ಸಮ್ಮತಿ ಎಲ್ಲಿಯವರೆಗೆ ದೊರೆತೀತೆಂದು ಅಳೆಯುವ ಈ ವಿವೇಕವನ್ನು ಅವರು ಶಾಸನಸಭೆಗೆ ಬಂದು ಕಲಿಯಬೇಕಾಗಿರಲಿಲ್ಲ.

ಅನ್ಯಮಾರ್ಗಗಳು ಹೀನವೆಂದು ಇದರ ತಾತ್ಪರ್ಯವಲ್ಲ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬಡತನದಲ್ಲಿ ಬೆಳೆದ ಥಾಣೇದಾರ್ ಅವರು, ಅಮೆರಿಕದಲ್ಲಿ ರಸಾಯನೋದ್ಯಮದಿಂದ ಸಂಪತ್ತು ಗಳಿಸಿ, 2018ರಲ್ಲಿ ಸ್ವಂತ ಹಣ ಸುರಿದು ಮಿಷಿಗನ್ನಿನ ಗವರ್ನರ್ ಪದವಿಗೆ ಪಕ್ಷದ ಉಮೇದುವಾರಿಕೆಯನ್ನು ಬಯಸಿ ಸೋತು, 2020ರಲ್ಲಿ ಡೆಟ್ರಾಯಿಟಿನಿಂದ ರಾಜ್ಯದ ಶಾಸನಸಭೆಗೂ 2022ರಲ್ಲಿ ಕಾಂಗ್ರೆಸ್ಸಿಗೂ ಆಯ್ಕೆಯಾದರು. ಸ್ವಂತ ಹಣದವರಿಗೆ ದಾನಿಗಳ ಹಂಗಿಲ್ಲವೆಂಬುದು ನಿಜವಾದ ಗುಣ. ಆದರೆ ಹಂಗಿಲ್ಲದಿರುವುದೇ ಪ್ರಾತಿನಿಧ್ಯವಾಗದು. ಸಂಘಟಕರು ಹಂಗಿನೊಡನೆಯೇ ಸಭೆಗೆ ಬರುತ್ತಾರೆ. ಪ್ರತಿಯಾಗಿ ಮತವನ್ನೂ ಹಣವನ್ನೂ ಕೊಡಲಾರದವರ ಹಂಗು ಅದು. ಆ ಬಗೆಯ ಋಣ ಶಾಸಕರ ಮೇಲೆ ಇರತಕ್ಕದ್ದು.

ಈ ಋಣ ಸವೆಯುವುದೂ ಉಂಟು. ಸಭೆಯ ಉಪಚಾರಗಳು, ಮುಂದಿನ ಚುನಾವಣೆಯ ಲೆಕ್ಕ, ಮತದಾರರನ್ನು ಮಾತ್ರವೇ ಎಣಿಸುವ ಪರಿಪಾಠ, ಇವು ಯಾರನ್ನೂ ಬಿಟ್ಟಿಲ್ಲ. ಕಂಪಾಲದಲ್ಲಿ ಹುಟ್ಟಿ ನ್ಯೂಯಾರ್ಕ್ ರಾಜ್ಯದ ಶಾಸನಸಭೆಗೆ ಆಯ್ಕೆಯಾದ ಜೊಹ್ರಾನ್ ಮಮ್ದಾನಿಯವರು 2021ರಲ್ಲಿ, ಶಾಸಕರಾಗಿದ್ದೂ, ಸಾಲದಲ್ಲಿ ಮುಳುಗಿದ್ದ ಟ್ಯಾಕ್ಸಿ ಚಾಲಕರೊಡನೆ ನಿರಶನವ್ರತ ಕೈಕೊಂಡರು. ಎಲ್ಲ ಶಾಸಕರೂ ಹಾಗೆ ಮಾಡುವರೆಂದು ನಂಬಿ ಕುಳಿತಿರುವುದು ಜಾಣತನವಲ್ಲ. ಒಬ್ಬರ ಶೀಲವನ್ನು ನೆಚ್ಚುವುದಕ್ಕಿಂತ ಅವರು ಬಿಟ್ಟುಬಂದ ಸಂಸ್ಥೆಯನ್ನು ನೆಚ್ಚುವುದು ಕ್ಷೇಮ. ಜಯಪಾಲ್ ಅವರು ಬಿಟ್ಟ ಮೇಲೂ ಒನ್ ಅಮೆರಿಕ ನಡೆಯಿತು. 2016ರಲ್ಲಿ ಅವರು ಕಾಂಗ್ರೆಸ್ಸಿಗೆ ಆಯ್ಕೆಯಾದಾಗ ತೆರವಾದ ಸೆನೆಟ್ ಸ್ಥಾನಕ್ಕೆ ಬಂದ ರೆಬೆಕ್ಕಾ ಸಲ್ಡಾನ್ಯಾ ಅವರೂ ಸಂಘಟನೆಯ ಕೆಲಸದಲ್ಲಿ ಪಳಗಿದವರೇ. ನಾಯಕರನ್ನು ಶಾಸನಸಭೆಗೆ ಕಳುಹಿಸಿ ಸಂಘ ಸುಮ್ಮನಾದರೆ ನಷ್ಟ ಇಬ್ಬರಿಗೂ. ನಿನ್ನೆಯವರೆಗೆ ತಮ್ಮೊಡನಿದ್ದವರ ಬಾಗಿಲಿಗೇ ಸಂಘದವರು ಇಂದು ಅಹವಾಲು ಹೊತ್ತು ಹೋಗಿ, ಸ್ನೇಹದ ದಾಕ್ಷಿಣ್ಯವಿಲ್ಲದೆ ಉತ್ತರ ಕೇಳುವುದಾದರೆ, ಸಂಘಟಕರು ಶಾಸಕರಾದುದು ಸಾರ್ಥಕ.